ಹುಂಜ ಬಲಗೈ, ನಕ್ಷತ್ರ ಎಡಗೈ

ಗೋಡೌನ್ ಅಕ್ಕನನ್ನು ಗೋಡೌನಿನಿಂದ ತೆಗೆಯಬೇಕು ಎಂಬ ಅರ್ಜಿ ಮಂಗಳವಾರದ ಸಭೆಗೆ ಬಂತು. ಕೊಟ್ಟವನು ಮಾಸ್ಟರ್. ಬೇಕರಿಯಲ್ಲಿ ಹಿಟ್ಟು ಕಲೆಸುವ ಕೆಲಸ ಅವನದು. ಕೈಗೆ ಹದಿನೆಂಟು ವರ್ಷದ ಅನುಭವ, ಬಾಯಿಗೆ ಅದಕ್ಕಿಂತ ಜಾಸ್ತಿ.

"ನಾನು ಹುಂಜದ ಹಿಟ್ಟು ಕೇಳ್ತೀನಿ, ಇವಳು ನಕ್ಷತ್ರದ್ದು ಕೊಡ್ತಾಳೆ," ಎಂದ. "ನಾಲ್ಕು ವಾರದಿಂದ ಇದೇ ಕಥೆ. ಹುಂಜದ ಹಿಟ್ಟು ನೀರು ಜಾಸ್ತಿ ಕುಡಿಯುತ್ತೆ, ನಕ್ಷತ್ರದ್ದು ಕಮ್ಮಿ. ಹುಂಜ ಅಂತ ನಂಬಿ ನೀರು ಹಾಕಿದ್ರೆ ಕಣಕ ಗೋಂದಾಗಿ ಕೂತ್ಕೊಳುತ್ತೆ. ಕಣ್ಣು ಕಾಣದಿದ್ರೆ ಕನ್ನಡಕ ಹಾಕ್ಕೊಳ್ಲಿ, ಇಲ್ಲಾ ಜಾಗ ಬಿಡ್ಲಿ."

"ಚೀಲದ ಮೇಲೆ ಹುಂಜದ ಚಿತ್ರ ಇತ್ತೋ ಇಲ್ವೋ?" ಅಕ್ಕ ಕೇಳಿದಳು.

"ಚೀಲ ಎಲ್ಲಿ ನೋಡ್ತೀನಿ? ನೀನು ಬಿಚ್ಚಿ ಡಬ್ಬಕ್ಕೆ ಸುರಿದು ಕಳಿಸ್ತೀಯ. ನಾನು ನೋಡೋದು ಹಿಟ್ಟು."

"ಒಂಬತ್ತು ವರ್ಷದಲ್ಲಿ ಒಂದು ಚೀಲ ತಪ್ಪಿದೀನಾ?"

"ಅದಕ್ಕೇ ಈಗ ಬಡ್ಡಿ ಸಮೇತ ತಪ್ತಿದೀಯ."

ಕೆಲವರು ನಕ್ಕರು. ಅಕ್ಕ ನಗಲಿಲ್ಲ. ಈ ಬೇಕರಿಗೆ ಮಾಲೀಕರಿಲ್ಲ. ಕೆಲಸ ಮಾಡುವ ಮೂವತ್ತೆರಡು ಜನರದೇ ಸಹಕಾರ ಸಂಘ, ತಲೆಗೊಂದು ಮತ. ಮಾಲೀಕ ಬೈದರೆ ಮನೆಗೆ ಹೋಗಿ ಅವನ ವಂಶವನ್ನೆಲ್ಲ ಜಾಲಾಡಬಹುದು. ಜೊತೆಗೆ ಕೂತು ಉಣ್ಣುವವರೇ ಕೈ ಎತ್ತಿ ತೆಗೆದುಹಾಕಿದರೆ ಯಾರನ್ನು ಬೈಯುವುದು? ಗೋಡೌನ್ ಹೋದರೆ ಪ್ಯಾಕಿಂಗ್ ಮೇಜು. ಸಂಬಳ ಅಷ್ಟೇ ಬರುತ್ತದೆ, ಆದರೆ ಚೀಲ ಗುರುತಿಸಲು ಬಾರದವಳು ಎಂಬ ಹೆಸರು ಸಾಯುವ ತನಕ ಅಂಟಿಕೊಳ್ಳುತ್ತದೆ.

ಹದಿನೈದು ದಿನ ಗಡುವು ಕೊಟ್ಟರು. ಮತ್ತೆ ಹೀಗಾದರೆ ಮತಕ್ಕೆ ಹಾಕುವುದು ಎಂದಾಯಿತು.

ಮುಂದಿನ ವಿಷಯವನ್ನು ಕಾರ್ಯದರ್ಶಿ ಓದಿದಳು. ನಕ್ಷತ್ರ ಕಂಪನಿ ಹುಂಜ ಕಂಪನಿಯನ್ನು ತನ್ನೊಳಗೆ ವಿಲೀನ ಮಾಡಿಕೊಳ್ಳುತ್ತದೆ. ದೊಡ್ಡ ಕಂಪನಿಗಳು ಒಂದಾಗಬೇಕಾದರೆ ಸರ್ಕಾರದ ಆಯೋಗ ಒಪ್ಪಬೇಕು. ಆಕ್ಷೇಪ ಇದ್ದವರು ಬಂದು ಹೇಳಬಹುದು. ವಿಚಾರಣೆ ಮೂರು ವಾರಕ್ಕೆ.

ಇದು ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಊರಿಗೆ ಇರುವುದೇ ಎರಡು ಹಿಟ್ಟಿನ ಗಿರಣಿ. ಹುಂಜದವರು ಸಣ್ಣ ಬೇಕರಿಗಳಿಗೆ ಹತ್ತು ಹನ್ನೆರಡು ಚೀಲ ಬಿಡಿಯಾಗಿ ಕೊಡುತ್ತಾರೆ. ನಕ್ಷತ್ರದವರು ಕೊಡುವುದು ಲಾರಿಗಟ್ಟಲೆ, ಅದೂ ವರ್ಷದ ಕರಾರಿಗೆ ಸಹಿ ಹಾಕಿದವರಿಗೆ. ಹುಂಜ ಸಾಲದಾಗ ಅವರ ಬಾಗಿಲಲ್ಲಿ ನಿಂತು ಗೋಗರೆದರೆ ನಾಲ್ಕು ಚೀಲ ಸಿಗುತ್ತದೆ. ಜೊತೆಗೆ ಪ್ಯಾಕೆಟ್ ಬ್ರೆಡ್ಡಿನ ಕಾರ್ಖಾನೆಯೂ ಅವರದೇ. ಪೈಪೋಟಿಯಲ್ಲಿರುವ ಬೇಕರಿಗೆ ಅವರು ಹಿಟ್ಟು ಕೊಡುವುದೆಂದರೆ, ಬೆಕ್ಕು ಇಲಿಗೆ ಊಟ ಬಡಿಸಿದ ಹಾಗೆ.

"ಹೋಗಿ ಆಕ್ಷೇಪ ಹೇಳೋಣ," ಎಂದಳು ಕಾರ್ಯದರ್ಶಿ.

"ಯಾರ ಹತ್ರ?" ಎಂದ ಮಾವ. ಅವನು ಅಕ್ಕನ ಗಂಡನ ತಂದೆ. ಸಂಘ ಕಟ್ಟಿದ ಏಳು ಜನರಲ್ಲಿ ಉಳಿದವನು ಇವನೊಬ್ಬ. ಅಕ್ಕನಿಗೆ ಮಾವ ಎಂದು ಬೇಕರಿಗೆಲ್ಲ ಮಾವನಾಗಿದ್ದ. "ಸರ್ಕಾರದ ಹತ್ರಾನಾ? ಬೇಲಿನೇ ಎದ್ದು ಹೊಲ ಮೇಯೋದನ್ನ ಎಪ್ಪತ್ತೊಂದು ವರ್ಷ ನೋಡಿದೀನಿ."

"ಬೇಲಿ ಮೇಯುತ್ತೆ ಅಂತ ಬೇಲಿ ಕಿತ್ತು ಹಾಕಿದ್ರೆ ಗೂಳಿ ನುಗ್ಗಲ್ವಾ ಮಾವ?" ಎಂದಳು ಕಾರ್ಯದರ್ಶಿ.

"ನುಗ್ಗುತ್ತೆ. ಆದ್ರೆ ಹೊಲ ಯಾರದು ಅಂತ ನೀನು ಕೇಳ್ತಾನೇ ಇಲ್ಲ. 'ತಡೀರಿ ಸ್ವಾಮಿ' ಅಂತ ಅರ್ಜಿ ಬರೀತೀಯ. ತಡೆದ್ರು ಅಂತ ಇಟ್ಕೋ. ಗಿರಣಿ ಯಾರ ಕೈಲಿರುತ್ತೆ? ಅದೇ ಕೈಲಿ. ನಮಗೆ ಕೊಡಿ ಅಂತ ಕೇಳ್ಬೇಕು. ಗಿರಣಿಲಿ ದುಡಿಯೋರಿಗೆ, ಹಿಟ್ಟು ತಗೊಳೋರಿಗೆ ಕೊಡಿ ಅಂತ."

"ಎರಡು ಕಂಪನಿ ಕಚ್ಚಾಡ್ತಿದ್ರೆ ನಮಗೆ ನಾಲ್ಕು ದಿನ ಉಸಿರಾದ್ರೂ ಸಿಗುತ್ತೆ. ಆ ನಾಲ್ಕು ದಿನದಲ್ಲೇ ನಮ್ಮದನ್ನ ಕಟ್ಕೋಬೇಕು. ಎರಡೂ ಬರೆಯೋಣ."

"ಬರಿ. ಹೋದ್ರೆ ಒಂದು ಕಾಗದ ತಾನೆ."

ಇಪ್ಪತ್ತೊಂಬತ್ತು ಕೈ ಮೇಲೆದ್ದವು. ಅಕ್ಕನ ಕೈಯೂ ಎದ್ದಿತ್ತು. ಆದರೆ ಅವಳ ತಲೆಯಲ್ಲಿ ಇದ್ದದ್ದು ಹದಿನೈದು ದಿನದ ಗಡುವು ಒಂದೇ.

ಹಿಟ್ಟಿನ ಚೀಲದ ಬಾಯನ್ನು ಗಿರಣಿಯಲ್ಲಿ ಸರಪಳಿ ಹೊಲಿಗೆ ಹಾಕಿ ಮುಚ್ಚುತ್ತಾರೆ. ಹೊಲಿಗೆ ಮುಗಿದ ತುದಿಯಲ್ಲಿ ಒಂದು ಕುಣಿಕೆ ಕತ್ತರಿಸಿ ದಾರ ಎಳೆದರೆ ಸರ್ರನೆ ಬಿಚ್ಚಿ ಬರುತ್ತದೆ. ಶುರುವಾದ ತುದಿಯಿಂದ ಎಳೆದರೆ ಗಂಟು ಬಿಗಿಯುತ್ತದೆ, ಆಮೇಲೆ ಚಾಕುವೇ ಗತಿ. ಹುಂಜದ ಗಿರಣಿಯಲ್ಲಿ ಹೊಲಿಗೆ ಚಿತ್ರದ ಬಲಗಡೆ ಮುಗಿಯುತ್ತದೆ, ನಕ್ಷತ್ರದಲ್ಲಿ ಎಡಗಡೆ. ಗೋಡೌನಿನಲ್ಲಿ ಕೆಲಸ ಕಲಿಯುವವರಿಗೆ ಮೊದಲ ಪಾಠವೇ ಇದು: ಹುಂಜ ಬಲಗೈ, ನಕ್ಷತ್ರ ಎಡಗೈ. ಒಂಬತ್ತು ವರ್ಷದಲ್ಲಿ ಅಕ್ಕ ಇದನ್ನು ಯೋಚಿಸಿ ಮಾಡುವುದನ್ನೇ ಬಿಟ್ಟಿದ್ದಳು. ಚಿತ್ರ ಕಂಡರೆ ಕೈ ತಾನಾಗಿ ಹೋಗುತ್ತಿತ್ತು.

ಈಚೆಗೆ ಹುಂಜದ ಚೀಲಗಳು ಗಂಟು ಹಾಕಿಕೊಳ್ಳುತ್ತಿದ್ದವು. ದಾರ ಕಳಪೆ ಎಂದುಕೊಂಡು ಪ್ರತಿಸಲ ಚಾಕು ಹಾಕಿ ಕೊಯ್ದಿದ್ದಳು. ತಪ್ಪು ಆಗಿದ್ದು ಅಲ್ಲೇ. ಕೈ ಹೇಳಿದ್ದನ್ನು ಕೇಳದೆ ಚಿತ್ರ ಹೇಳಿದ್ದನ್ನು ನಂಬಿದ್ದಳು.

ಗಡುವಿನ ಒಂಬತ್ತನೆಯ ದಿನ ಮಧ್ಯಾಹ್ನ ಮತ್ತೊಂದು ಚೀಲ ಗಂಟು ಬಿಗಿಯಿತು. ಚಾಕು ಎತ್ತಿದವಳು ನಿಂತಳು. ಮಾಸ್ಟರ್ ಹೇಳಿದ್ದ ನೀರಿನ ಲೆಕ್ಕ ನೆನಪಾಯಿತು. ಚಾಕು ಕೆಳಗಿಟ್ಟು ಎಡಗಡೆಯ ಕುಣಿಕೆ ಕತ್ತರಿಸಿ ಎಳೆದಳು. ಸರ್ರನೆ ಬಂತು. ಇನ್ನೊಂದು ಚೀಲ, ಎಡಗಡೆ, ಸರ್ರನೆ. ಹೊಸದಾಗಿ ಬಂದಿದ್ದ ಹನ್ನೆರಡರಲ್ಲಿ ಐದನ್ನು ಬಿಚ್ಚಿದಳು, ಐದೂ ಹಾಗೆಯೇ.

ನೇರ ಒಳಗೆ ಹೋಗಿ, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡಿದ್ದ ಮಾಸ್ಟರನನ್ನು ಎಳೆದು ತಂದಳು. ಹಿಂದಿನ ದಿನ ಬಂದಿದ್ದ, ಇನ್ನೂ ಬಿಚ್ಚದ ಚೀಲದ ಮುಂದೆ ನಿಲ್ಲಿಸಿದಳು.

"ಕಣ್ಣು ಮುಚ್ಚು."

"ಯಾಕೆ, ಹೊಡೀತೀಯಾ?"

"ಹೊಡೆಯೋದಾದ್ರೆ ಕಣ್ಣು ಬಿಡಿಸಿಯೇ ಹೊಡೀತೀನಿ. ಮುಚ್ಚು. ಈ ಚೀಲ ಬಿಚ್ಚು."

ಮಾಸ್ಟರ್ ಸೇರಿದ ಹೊಸತರಲ್ಲಿ ಮೂರು ವರ್ಷ ಗೋಡೌನಿನಲ್ಲಿದ್ದವನು. ಬೆರಳಾಡಿಸಿ, ಎಡತುದಿ ಹಿಡಿದು ಎಳೆದ. "ನಕ್ಷತ್ರ," ಎಂದ.

"ಕಣ್ಣು ಬಿಡು."

ಚೀಲದ ಮೇಲೆ ಹುಂಜ ಕತ್ತೆತ್ತಿ ಕೂಗುತ್ತಿತ್ತು. ಮಾಸ್ಟರ್ ಹಿಟ್ಟನ್ನು ಚಿಟಿಕೆ ತೆಗೆದು ಉಜ್ಜಿದ, ನೆಕ್ಕಿದ, ಮತ್ತೆ ಹುಂಜವನ್ನು ನೋಡಿದ.

"ಅಂದ್ರೆ ನನ್ನ ಕೈ ಸುಳ್ಳು ಹೇಳಿಲ್ಲ."

"ಕೈ ಹೇಳಿಲ್ಲ. ಬಾಯಿ ಹೇಳ್ತು."

ಅವನು ಕೈ ಕೂಡ ಒರೆಸದೆ ಕಾರ್ಯದರ್ಶಿಯ ಮೇಜಿನ ಕಡೆ ನಡೆದ.

ಕಾರ್ಯದರ್ಶಿಗೆ ವಿಷಯ ಅರ್ಥವಾಗುವುದಕ್ಕೆ ಅರ್ಧ ನಿಮಿಷ ಹಿಡಿಯಿತು. ಆಮೇಲೆ ಕೂತಲ್ಲಿಂದ ಎದ್ದೇಬಿಟ್ಟಳು. ಆಯೋಗ ಒಪ್ಪುವ ತನಕ ಎರಡು ಕಂಪನಿಗಳೂ ಬೇರೆ ಬೇರೆಯಾಗಿಯೇ ನಡೆಯಬೇಕು ಎನ್ನುವುದು ಕಾನೂನು. ಹುಂಜದ ಚೀಲಕ್ಕೆ ನಕ್ಷತ್ರದ ಗಿರಣಿಯಲ್ಲಿ ಹಿಟ್ಟು ತುಂಬುತ್ತಿದ್ದಾರೆ ಎಂದರೆ—

"ತಾಳಿ ಕಟ್ಟೋಕೆ ಮುಂಚೆನೇ ಸಂಸಾರ ಹೂಡಿದಾರೆ," ಎಂದ ಮಾವ.

ಆಗ ಅಕ್ಕನಿಗೆ ಇನ್ನೊಂದು ಹೊಳೆಯಿತು. ಮೊದಲೆಲ್ಲ ಹಿಟ್ಟು ತರಲು ವಾರಕ್ಕೊಮ್ಮೆ ಹುಂಜದ ಹಳೇ ಗಿರಣಿಗೆ ಅವಳೇ ಹೋಗುತ್ತಿದ್ದಳು. ಆರು ವಾರದ ಹಿಂದೆ ಹುಂಜದವರು ಫೋನ್ ಮಾಡಿ, "ನೀವ್ಯಾಕೆ ಕಷ್ಟ ಪಡ್ತೀರಮ್ಮ, ನಾವೇ ತಂದು ಇಳಿಸ್ತೀವಿ" ಅಂದಿದ್ದರು. ಅವಳು ಅವರಿಗೆ ಥ್ಯಾಂಕ್ಸ್ ಬೇರೆ ಹೇಳಿದ್ದಳು.

ವಿಚಾರಣೆಯ ದಿನ ನಾಲ್ಕು ಚೀಲ ಕೈಗಾಡಿಯಲ್ಲಿ ಹೊರಟವು. ಒಂದು ನಕ್ಷತ್ರ, ಎರಡು ಹೊಸ ಹುಂಜ, ಒಂದು ಹಳೆಯ ಹುಂಜ. ಆ ಹಳೆಯದಕ್ಕೆ ಎರಡು ತಿಂಗಳ ಹಿಂದೆ ತೇವ ತಗುಲಿತ್ತು. ಅಕ್ಕ ಬಿಚ್ಚದೆ ಮೂಲೆಗಿಟ್ಟಿದ್ದಳು. ಹೊಲಿಗೆಯ ಜೊತೆ ಸೇರಿಸಿ ಹೊಲಿದ ತಾರೀಖಿನ ಚೀಟಿ ನಾಲ್ಕರಲ್ಲೂ ಇತ್ತು.

ಕಚೇರಿ ಬಾಗಿಲಲ್ಲಿ ಕಾವಲುಗಾರ ತಡೆದ. "ಒಳಗೇನಿದೆ?"

"ಹಿಟ್ಟು."

"ಹಿಟ್ಟು ಯಾಕೆ?"

"ಸಾಕ್ಷಿ."

"ಸಾಕ್ಷಿಗಾದ್ರೆ ಪಾಸ್ ಬೇಕು."

"ಬರ್ಕೋ ಅಣ್ಣ. ಮೂರು ಜನ ಹುಂಜದ ಮನೆತನ, ಒಬ್ಬರು ನಕ್ಷತ್ರದ ಕಡೆಯವರು," ಎಂದ ಮಾಸ್ಟರ್. ಕಾವಲುಗಾರ ನಿಜವಾಗಿಯೂ ನಾಲ್ಕು ಪಾಸ್ ಬರೆದುಕೊಟ್ಟ. ಲಿಫ್ಟ್ ಕೆಟ್ಟಿತ್ತು. ಮಾಸ್ಟರ್ ಮತ್ತು ಅಕ್ಕ ಮೂರು ಮಹಡಿ ಚೀಲ ಹೊತ್ತರು.

ಉದ್ದ ಮೇಜಿನ ಆ ತುದಿಯಲ್ಲಿ ಆಯೋಗದ ಅಧ್ಯಕ್ಷೆ, ಮುಂದೆ ಮೊಣಕಾಲೆತ್ತರದ ಕಡತ. ಕಂಪನಿಗಳ ವಕೀಲ ಒಂದು ಗಂಟೆ ಮಾತಾಡಿದ. ವಿಲೀನವಾದರೆ ದಕ್ಷತೆ ಹೆಚ್ಚುತ್ತದೆ, ಗ್ರಾಹಕರಿಗೆ ಲಾಭವಾಗುತ್ತದೆ, ಯಾರ ಕೆಲಸವೂ ಹೋಗುವುದಿಲ್ಲ. ಕೊನೆಗೆ, ಯಾರೂ ಕೇಳದಿದ್ದರೂ ಒಂದು ಮಾತು ಸೇರಿಸಿದ: "ನನ್ನ ಕಕ್ಷಿದಾರರು ಕಾನೂನನ್ನು ಅಕ್ಷರಶಃ ಪಾಲಿಸಿದ್ದಾರೆ. ಇವತ್ತಿನವರೆಗೂ ಒಂದು ಹಿಡಿ ಹಿಟ್ಟು ಕೂಡ ಆ ಗಿರಣಿಯಿಂದ ಈ ಗಿರಣಿಗೆ ಹೋಗಿಲ್ಲ."

ಕಾರ್ಯದರ್ಶಿ ಅದನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಳು.

ಅಕ್ಕನ ಸರದಿ ಬಂತು. ಭಾಷಣ ಅವಳಿಗೆ ಬರದು, ಚೀಲ ಬಿಚ್ಚಲು ಬರುತ್ತದೆ. ಹಳೆಯ ಹುಂಜ ಬಲಗಡೆಯಿಂದ, ಸರ್ರನೆ. ನಕ್ಷತ್ರ ಎಡಗಡೆಯಿಂದ, ಸರ್ರನೆ. ಹೊಸ ಹುಂಜ ಬಲಗಡೆಯಿಂದ ಎಳೆದಾಗ ಗಂಟು. "ಈಗ ನೀವೇ ಎಡಗಡೆ ಎಳೀರಿ ಮೇಡಂ," ಎಂದಳು.

ಅಧ್ಯಕ್ಷೆ ಕನ್ನಡಕ ತೆಗೆದಿಟ್ಟು ಎದ್ದು ಬಂದರು. ಎಳೆದರು. ದಾರ ಪೂರ್ತಿ ಕೈಗೆ ಬಂತು, ಒಂದಿಷ್ಟು ಹಿಟ್ಟು ವಕೀಲನ ಬೂಟಿನ ಮೇಲೆ ಬಿತ್ತು. ಇನ್ನೊಂದನ್ನೂ ಎಳೆದರು. ಇದೆಲ್ಲ ಏನು ಎಂದು ಅಕ್ಕನನ್ನೇ ಕೇಳಿದರು, ಅವಳು ಹೇಳಿದಳು. ಚೀಟಿಗಳ ತಾರೀಖು ಓದಿದರು.

"ಇದೊಂದು ತಮಾಷೆ," ಎಂದ ವಕೀಲ. "ಹೊಲಿಯುವವನು ಆವತ್ತು ಯಂತ್ರದ ಆ ಬದಿಗೆ ನಿಂತು ಹೊಲಿದಿರಬಹುದು."

"ಆ ಬದಿಗೆ ನಿಲ್ಲಕ್ಕಾಗಲ್ಲ ಸ್ವಾಮಿ," ಎಂದಳು ಅಕ್ಕ. "ಹಳೇ ಗಿರಣಿಲಿ ಆ ಬದಿಗೆ ಗೋಡೆ ಇದೆ."

ಹಿಂದಿನ ಸಾಲಿನಲ್ಲಿ ಕೂತಿದ್ದ ಬೇರೆ ಬೇಕರಿಗಳವರು ಹೋ ಎಂದರು. ಅಧ್ಯಕ್ಷೆ ಮೇಜು ಕುಟ್ಟಿದರು, ಆದರೆ ಸ್ವಲ್ಪ ತಡೆದು ಕುಟ್ಟಿದರು.

ಆಮೇಲೆ ಮಾವ ಎದ್ದ. ಗಿರಣಿಯನ್ನು ದುಡಿಯುವವರಿಗೂ ಬೇಕರಿಗಳಿಗೂ ಬಿಟ್ಟುಕೊಡಬೇಕೆಂದು ಕೇಳಿದ.

"ಕಂಪನಿಗಳ ವಿಲೀನ ತಡೆಯುವುದಷ್ಟೇ ನಮ್ಮ ಕೆಲಸ," ಎಂದರು ಅಧ್ಯಕ್ಷೆ.

"ತಡೀರಿ ತಾಯಿ, ಬೇಡ ಅಂದೋರು ಯಾರು? ಮುಂದಿನ ವರ್ಷ ಇನ್ನೊಬ್ಬ ಬರ್ತಾನೆ ನುಂಗಕ್ಕೆ. ಮತ್ತೆ ನೀವು ಕರೀತೀರಿ, ಮತ್ತೆ ನಾವು ಚೀಲ ಹೊತ್ಕೊಂಡು ಬರ್ತೀವಿ. ನಿಮ್ಮ ಲಿಫ್ಟು ಕೆಟ್ಟಿದೆ. ನಾನು ಎಷ್ಟು ಸಲ ಹತ್ತಲಿ? ಮಾರೋದೇ ಆದ್ರೆ ಯಾರಿಗೆ ಮಾರಬಾರದು ಅಂತ ಹೇಳೋ ಅಧಿಕಾರ ನಿಮಗಿದೆ. ಹಾಗಾದ್ರೆ ಮೊದಲು ಯಾರನ್ನ ಕೇಳ್ಬೇಕು ಅಂತ ಹೇಳೋಕೆ ನಾಲಿಗೆ ಯಾಕೆ ಹೊರಳಬಾರದು?"

ಅಧ್ಯಕ್ಷೆ ಕಡತ ತೆರೆದರು. ಬರೆದುಕೊಂಡರು.

ಅದೇ ಮಧ್ಯಾಹ್ನ, ಮುಂಚೆ ತಿಳಿಸದೆ, ಆಯೋಗದವರು ಹಳೇ ಗಿರಣಿಗೆ ಹೋದರು. ಉರುಳೆಗಳು ತಣ್ಣಗಿದ್ದವು. ಗೋಧಿ ಸುರಿಯುವ ತೊಟ್ಟಿಯಲ್ಲಿ ಪಾರಿವಾಳ ಮೊಟ್ಟೆ ಇಟ್ಟಿತ್ತು. ಅರವತ್ತು ಜನ ಕೆಲಸಗಾರರು ಬೆಂಚುಗಳ ಮೇಲೆ ಸಾಲಾಗಿ ಕೂತಿದ್ದರು. ದಿನಾ ಬಂದು ಸಹಿ ಹಾಕಿ ಸಂಜೆವರೆಗೆ ಸುಮ್ಮನೆ ಕೂರುವುದು, ಹೊರಗೆ ಬಾಯಿ ಬಿಟ್ಟರೆ ಕೆಲಸ ಇಲ್ಲ. ಅವರಿಗೆ ಸಿಕ್ಕಿದ್ದ ಅಪ್ಪಣೆ ಅದು. ಅಧಿಕಾರಿಗಳನ್ನು ಕಂಡದ್ದೇ ಅರವತ್ತು ಬಾಯಿಯೂ ಒಟ್ಟಿಗೆ ತೆರೆದವು.

ಆದೇಶ ಬಂದದ್ದು ಐದು ವಾರದ ನಂತರ. ಕಾರ್ಯದರ್ಶಿ ಕಲೆಸುವ ಯಂತ್ರ ನಿಲ್ಲಿಸಿ, ಸ್ಟೂಲ್ ಮೇಲೆ ಹತ್ತಿ ಓದಿದಳು. ವಿಲೀನಕ್ಕೆ ಒಪ್ಪಿಗೆ ಇಲ್ಲ. ಒಪ್ಪಿಗೆಗೆ ಮುಂಚೆ ಕೈ ಜೋಡಿಸಿದ್ದಕ್ಕೂ ಸುಳ್ಳು ಹೇಳಿದ್ದಕ್ಕೂ ಎರಡೂ ಕಂಪನಿಗೆ ದಂಡ. ಹುಂಜದ ಮಾಲೀಕರು ಗಿರಣಿ ಬಿಟ್ಟು ಹೋಗುವುದಾದರೆ ನಕ್ಷತ್ರಕ್ಕೆ ಸಂಬಂಧವಿಲ್ಲದವರಿಗೇ ಮಾರಬೇಕು, ಮತ್ತು ಮೊದಲು ಗಿರಣಿಯ ಕೆಲಸಗಾರರನ್ನೂ ಸಣ್ಣ ಬೇಕರಿಗಳ ಸಂಘಗಳನ್ನೂ ಕೇಳಬೇಕು.

"ಇನ್ನೊಂದ್ಸಲ ಓದು," ಎಂದ ಮಾವ.

"ಯಾವುದನ್ನ?"

"ಕೊನೇದು. ನಿಧಾನಕ್ಕೆ."

ಓದಿದಳು. ಮಾವ ತಲೆ ಅಲ್ಲಾಡಿಸಿದ. "ಇರ್ಲಿ. ಬೇಲಿ ಒಂದು ದಿನ ಉಪವಾಸ ಇತ್ತು."

ಕೂಗು ಬೀದಿಗೆ ಕೇಳಿಸಿತು. ಬ್ರೆಡ್ ಕೊಳ್ಳಲು ಸಾಲಿನಲ್ಲಿ ನಿಂತಿದ್ದವರು ಒಳಗೆ ಬಂದು ಏನಾಯಿತು ಎಂದು ಕೇಳಿ, ಅರ್ಧಂಬರ್ಧ ಅರ್ಥವಾದರೂ ಚಪ್ಪಾಳೆ ತಟ್ಟಿದರು. ಮಾಸ್ಟರ್ ಸ್ಟೂಲ್ ಹತ್ತಿ, ತಾನು ಕೊಟ್ಟ ಅರ್ಜಿ ವಾಪಸ್ ಎಂದ.

"ಅಷ್ಟೇನಾ?" ಎಂದಳು ಅಕ್ಕ.

"ಅಷ್ಟೇ ಅಲ್ಲ. ತಪ್ಪಾಯ್ತು. ಸಾಕಾ?"

"ಇನ್ನೊಂದ್ಸಲ ಹೇಳು. ನಿಧಾನಕ್ಕೆ."

ಮೂವತ್ತೊಂದು ಕೈಗಳು ಅಕ್ಕನ ಪರವಾಗಿ ಎದ್ದವು. ಮೂವತ್ತೆರಡನೆಯದು ಅವಳದೇ, ಅವಳು ಅದನ್ನೂ ಎತ್ತಿದಳು.

ಗಿರಣಿಯ ಅರವತ್ತು ಜನ, ಹನ್ನೊಂದು ಬೇಕರಿ. ಒಂದು ವರ್ಷದ ಓಡಾಟ, ಕಚ್ಚಾಟ, ಎರಡು ಸಲ ಮುರಿದುಬಿದ್ದ ಮಾತುಕತೆ. ಕೊನೆಗೆ ಗಿರಣಿ ಅವರೆಲ್ಲ ಸೇರಿ ಕಟ್ಟಿದ ಸಹಕಾರ ಸಂಘದ ಹೆಸರಿಗೆ ಬಂತು. ಇಲ್ಲಿಯೂ ತಲೆಗೊಂದು ಮತ. ಉರುಳೆ ತಿರುಗಿಸುವ ದಿನ ಬೆಳಗ್ಗೆ ಹತ್ತು ಗಂಟೆಗೆ ಅಂಗಳ ತುಂಬಿತ್ತು. ಮಾವ ಹೊಸ ಅಂಗಿ ಹಾಕಿ, ನಾಲ್ಕು ಪುಟ ಬರೆದುಕೊಂಡು ಬಂದಿದ್ದ. "ಸಂಗಾತಿಗಳೇ," ಎಂದು ಶುರು ಮಾಡಿ, ಕಂಪನಿಗಳು ಒಂದಾಗುವುದಕ್ಕೂ ಜನ ಒಂದಾಗುವುದಕ್ಕೂ ವ್ಯತ್ಯಾಸ ಏನೆಂದು ಹೇಳತೊಡಗಿದ. ಒಂದನೆಯ ಪುಟ ಮುಗಿಯುವಷ್ಟರಲ್ಲಿ ಯಂತ್ರದ ಹೆಡ್ ಮೇಸ್ತ್ರಿಗೆ ತಾಳ್ಮೆ ಮುಗಿಯಿತು. ಸ್ವಿಚ್ ಹಾಕಿಯೇ ಬಿಟ್ಟಳು.

ನೆಲ ನಡುಗಿತು. ಕಿಟಕಿಯ ಗಾಜುಗಳು ಗಡಗಡ ಎಂದವು. ಗೋಧಿ ಇಳಿಯುವ ಸದ್ದಿನಲ್ಲಿ ಮಾವನ ತುಟಿ ಮಾತ್ರ ಆಡುವುದು ಕಾಣುತ್ತಿತ್ತು. ಅವನು ನಿಲ್ಲಿಸಲಿಲ್ಲ. ಪುಟ ತಿರುಗಿಸಿದ, ಕೈ ಎತ್ತಿದ, ಮೇಜು ಗುದ್ದಿದ. ಯಾರಿಗೂ ಒಂದು ಪದ ಕೇಳಿಸಲಿಲ್ಲ. ಪ್ರತಿ ಸಾಲಿಗೂ ಎಲ್ಲರೂ ಚಪ್ಪಾಳೆ ತಟ್ಟಿದರು.