ಹಲಗೆ ನೋಡುವ ಕಣ್ಣು

ದೇವರು ಮನುಷ್ಯನಿಗೆ ಕಣ್ಣು ಎರಡು ಕೊಟ್ಟು ನೋಟವನ್ನು ಮಾತ್ರ ಒಂದೇ ಇಟ್ಟಿದ್ದಾನೆ. ಅದೆಂಥ ಕರುಣೆ ಎಂಬುದು ಬಡಗಿಗೆ ತಿಳಿದದ್ದು ಒಂದು ಬೆಳಿಗ್ಗೆ, ನೀರಿಗೆ ಕೈ ಚಾಚಿದಾಗ. ಮೇಜಿನ ಮೇಲೆ ಎರಡು ಲೋಟಗಳಿದ್ದವು. ಅವನು ಹಿಡಿಯಹೋದದ್ದು ಇಲ್ಲದ ಲೋಟವನ್ನು.

ಸಕ್ಕರೆ ಕಾಯಿಲೆ ಹಳೆಯದು. ಈಗ ಅದು ಬಲಗಣ್ಣನ್ನು ಹೊರಳಿಸುವ ನರಕ್ಕೆ ಇಳಿದಿದೆ ಎಂದರು ಕಣ್ಣಿನ ಡಾಕ್ಟರು. ಸಕ್ಕರೆ ಹತೋಟಿಯಲ್ಲಿದ್ದರೆ ಕೆಲವು ತಿಂಗಳಲ್ಲಿ ತಾನಾಗಿಯೇ ಸರಿಹೋಗಬಹುದು, ಅಲ್ಲಿಯವರೆಗೆ ಗರಗಸದ ಯಂತ್ರದ ಹತ್ತಿರ ಸುಳಿಯಬೇಡಿ ಎಂದೂ ಹೇಳಿದರು. ಕಾಯಿಲೆಗಿಂತ ಆ ಮಾತೇ ಬಡಗಿಗೆ ಚುಚ್ಚಿತು. ಅಪ್ಪನ ನಂತರ ಯಂತ್ರ ಅವನ ಕೈಗೆ ಬಂದಿತ್ತು. ಅವನ ತಮ್ಮ ಮೂಲೆಯಲ್ಲಿ ಹಲಗೆ ನಯವಾಗಲೆಂದು ಉಪ್ಪುಕಾಗದ ಉಜ್ಜುತ್ತ ತನ್ನ ಸರದಿಗೆ ಕಾದಿದ್ದ. ಒಮ್ಮೆ ಬಿಟ್ಟುಕೊಟ್ಟರೆ ಅದು ಮರಳಿ ಸಿಗುವಂತಿರಲಿಲ್ಲ.

"ನಿನಗೇನಣ್ಣ, ಲಾಭಾನೇ. ಒಂದು ಬಾಗಿಲು ಮಾಡಿದ್ರೆ ಎರಡು ಕಾಣುತ್ತೆ" ಎಂದ ತಮ್ಮ.

ಬಡಗಿಯ ಹೆಂಡತಿ ಹಟ ಹಿಡಿದು ಗಂಡನನ್ನು ಅಕ್ಯುಪಂಕ್ಚರ್‌ಗೆ ಕರೆದೊಯ್ದಳು. ಅವಳ ಸೊಂಟನೋವು ಅಲ್ಲಿಯೇ ಇಳಿದಿತ್ತು. ನಾವು ಮರಕ್ಕೆ ಮೊಳೆ ಹೊಡೆದರೆ ಅತ್ತಿಗೆ ಅಣ್ಣನಿಗೇ ಹೊಡೆಸುತ್ತಾಳೆ ಎಂದು ಮೈದುನ ಊಟಕ್ಕೆ ಕೂತಾಗಲೆಲ್ಲ ಆಡಿಕೊಂಡ. ಅವಳು ಹಲ್ಲು ಕಚ್ಚಿ ಬಡಿಸಿದಳು.

ಅಲ್ಲಿ ಸೂಜಿ ಚುಚ್ಚುವಾಕೆ ಸುಳ್ಳು ಹೇಳುವವಳಲ್ಲ. ಕೆಲವರಿಗೆ ಅನುಕೂಲವಾಗಿದೆ, ಮಾತು ಕೊಡಲಾರೆ, ಮಾತ್ರೆ ಬಿಡಬೇಡಿ, ಕಣ್ಣಿನ ಡಾಕ್ಟರು ನೋಡಿ ಹೂಂ ಎನ್ನದೆ ಯಂತ್ರ ಮುಟ್ಟಬೇಡಿ ಎಂದಳು. ಕಾಗದ ಹಾಸಿದ ಮಂಚದ ಮೇಲೆ ಅವನನ್ನು ಮಲಗಿಸಿ ಹುಬ್ಬಿನ ಅಂಚಿಗೆ, ಹಣೆಯ ಪಕ್ಕಕ್ಕೆ, ಹೆಬ್ಬೆರಳು ತೋರುಬೆರಳು ಕೂಡುವಲ್ಲಿ ಕೂದಲೆಳೆಯಂಥ ಸೂಜಿಗಳನ್ನು ನಿಲ್ಲಿಸಿದಳು. ಅವನು ಕಣ್ಣು ಮುಚ್ಚಿ ದೇವರನ್ನು ನೆನೆದ. ಕೇಳಿದ್ದು ಕಣ್ಣನ್ನಲ್ಲ, ಯಂತ್ರವನ್ನು.

ಹೀಗೆ ಹೋಗಿಬರುತ್ತಿದ್ದಾಗ ಒಂದು ಮಧ್ಯಾಹ್ನ ಅವನು ನೆಟ್ಟಗೆ ಕೆಲಸದ ಕೊಟ್ಟಿಗೆಗೆ ಬಂದು ಹಲಗೆಯೊಂದನ್ನೆತ್ತಿ, ತುದಿಯನ್ನು ಕೆನ್ನೆಗೆ ತಂದು, ಅಂಚಿನುದ್ದಕ್ಕೂ ನೋಡಿದ. ಹಲಗೆಯ ಸೊಟ್ಟ ಹಿಡಿಯಲು ಬಡಗಿಯಾದವನು ಒಂದು ಕಣ್ಣು ಮುಚ್ಚುತ್ತಾನೆ. ಹಲಗೆ ಏರಿದರೆ ರೆಪ್ಪೆ ತಾನೇ ಇಳಿಯುತ್ತದೆ. ಇಳಿದದ್ದು ಅವನಿಗೇ ತಿಳಿಯದು.

ಗೆರೆ ಒಂದೇ ಇತ್ತು.

"ಒಂದೇ ಕಾಣ್ತಿದೆ ಕಣೇ" ಎಂದ.

ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮುಚ್ಚಿದ ಆ ರೆಪ್ಪೆಯನ್ನು ನೋಡಿದಳು. ಅಂದು ಬೆಳಿಗ್ಗೆಯೂ ಅವನ ಕೈ ಲೋಟದ ಪಕ್ಕಕ್ಕೆ ಹೋದದ್ದನ್ನು ಅವಳು ಕಂಡಿದ್ದಳು. ಆದರೆ ಮೈದುನನ ಮುಖದ ನಗು ಅಳಿಸಿಹೋಗಿತ್ತು, ಅವನ ಕೈಯ ಉಪ್ಪುಕಾಗದ ನಿಂತಿತ್ತು. ಆ ಮುಖಕ್ಕಾಗಿ ಅವಳು ಎಷ್ಟು ದಿನದಿಂದ ಕಾದಿದ್ದಳೋ.

"ನಾನು ಹೇಳಿರಲಿಲ್ವಾ?" ಎಂದಳು.

ಬಡಗಿ ಯಂತ್ರ ಹಾಕಿದ. ಅಲಗು ತುಸು ಸರಿದು ಎರಡಾಗಿ ಕಂಡಿತು. ದಣಿವಿರಬೇಕು ಎಂದುಕೊಂಡು ಒಂದನ್ನು ನಂಬಿ ಹಲಗೆ ತಳ್ಳಿದ. ಲೋಟದ ಹಾಗೆ ಅದೂ ಇಲ್ಲದ್ದು.

ಡಾಕ್ಟರು ಹೇಳಿದ್ದ ಹೊತ್ತಿಗೆ ಕಣ್ಣು ನೆಟ್ಟಗಾಯಿತು. ಸೂಜಿಯಿಂದಲೋ, ಕಾಲದಿಂದಲೋ, ಬಲ್ಲವನು ಮೇಲಿನವನೊಬ್ಬನೇ. ಯಂತ್ರದ ಮುಂದೆ ಈಗ ತಮ್ಮ ನಿಲ್ಲುತ್ತಾನೆ. ಹೆಬ್ಬೆರಳಿಲ್ಲದ ಕೈಯಲ್ಲಿ ಅಣ್ಣ ಉಪ್ಪುಕಾಗದ ಉಜ್ಜುತ್ತಾನೆ. ಒಂದು ದಿನ ಉಜ್ಜಿದ ಹಲಗೆಯನ್ನು ಎತ್ತಿ ನೋಡುವಾಗ, ರೆಪ್ಪೆ ಇಳಿದದ್ದು ಅವನ ಅರಿವಿಗೆ ಬಂತು.

ಆ ಸಂಜೆ ಹೆಂಡತಿ ನೀರು ತಂದಿಟ್ಟಳು. ಮೇಜಿನ ಮೇಲೆ ಒಂದೇ ಲೋಟವಿತ್ತು.

"ಆವತ್ತು ನಾನು ಒಂದು ಕಣ್ಣು ಮುಚ್ಚಿದ್ದೆ, ಅಲ್ವಾ?"

ಅವಳು ಮೇಜಿನ ಅಂಚನ್ನು ಸೆರಗಿನಿಂದ ಒರೆಸಿದಳು. "ಮುಚ್ಚಿದ್ರಿ."

"ನಿಂದು ಎರಡೂ ತೆರೆದಿದ್ವು" ಎಂದ ಅವನು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದೆತ್ತುತ್ತ.