ಹಾಳೆ ತಾಳುವ ತೂಕ

"ಏಳನೇ ಕ್ಲಾಸಿಗೇ ಪುಸ್ತಕ ಎಸೆದು ಬಂದವನ ಕೈಗೆ ಬ್ರಹ್ಮಾಂಡ ಕೊಟ್ರೆ ಹೀಗೇ ಆಗೋದು," ಎಂದರು ಪ್ರೊಫೆಸರು, ನೋಡಲು ಬಂದಿದ್ದ ಮೂವತ್ತು ಜನಕ್ಕೂ ಕೇಳುವಂತೆ. ಇಬ್ಬರು ನಕ್ಕರು. ಫಿಟ್ಟರ್ ಸ್ಪ್ಯಾನರ್ ಹಿಡಿದು ಬೋಲ್ಟು ಬಿಚ್ಚುತ್ತಲೇ ಇದ್ದ.

ಸಂಸ್ಥೆಯ ಹಜಾರದ ನಡುವೆ ಅವನೇ ಬೆಸೆದ ಕಬ್ಬಿಣದ ಬಳೆ. ಅದಕ್ಕೆ ಬಿಗಿದಿದ್ದ ರಬ್ಬರ್ ಹಾಳೆ ನಟ್ಟನಡುವೆ ಹರಿದು, ಉಕ್ಕಿನ ಗುಂಡು ನೆಲದ ಟೈಲ್ಸು ಒಡೆದುಕೊಂಡು ಕೂತಿತ್ತು. ಹಾಳೆ ಎಂದರೆ ದೇಶಕಾಲ, ಗುಂಡು ಎಂದರೆ ನಕ್ಷತ್ರ. ಭಾರ ಹೆಚ್ಚಿದಷ್ಟೂ ಹಾಳೆ ತಗ್ಗುತ್ತದೆ, ಪಕ್ಕದಲ್ಲಿ ಬಿಟ್ಟ ಗೋಲಿ ಆ ತಗ್ಗನ್ನೇ ಸುತ್ತುತ್ತದೆ. ಇಷ್ಟನ್ನು ಅವನು ಕಟ್ಟುವಾಗಲೇ ಕೇಳಿ ತಿಳಿದುಕೊಂಡಿದ್ದ.

ಇನ್ನೊಂದನ್ನು ಕೇಳದೆಯೇ ತಿಳಿದುಕೊಂಡಿದ್ದ. ಬಳೆಗೆ ಅಡ್ಡಲಾಗಿ ದಾರ ಎಳೆದು, ಒಂದೊಂದೇ ಕಿಲೋ ಏರಿಸಿ, ಪ್ರತಿ ಸಲವೂ ಇಳಿಸಿ, ಹಾಳೆ ದಾರದ ಮಟ್ಟಕ್ಕೆ ಮರಳಿತೇ ಎಂದು ನೋಡಿದ್ದ. ಒಂದು ತೂಕದವರೆಗೆ ಮರಳಿತು. ಅದರಾಚೆ ಮರಳಲಿಲ್ಲ, ಬೋಲ್ಟುಗಳ ಬುಡದಲ್ಲಿ ಬಿಳಿ ಗೆರೆ ಮೂಡಿತು. ಆ ಹಾಳೆ ಬಿಚ್ಚಿ ಹೊಸದನ್ನು ಬಿಗಿದ. ಹೇಳಲು ಹೋದರೆ ಪ್ರೊಫೆಸರು, ಕಪ್ಪುಕುಳಿ ತೋರಿಸಬೇಕು, ಮೂವತ್ತು ಕಿಲೋ ಇಡು, ಎಂದರು. ವರ್ಕ್‌ಶಾಪಿನ ಮೇಸ್ತ್ರಿಯಾಗಿದ್ದ ಅವನ ಭಾವ, ಸುಮ್ನೆ ಇಟ್ಬಿಡೋ, ನಿನ್ನ ಕೆಲಸ ಖಾಯಂ ಆಗೋ ಕಾಗದಕ್ಕೆ ಸಹಿ ಹಾಕೋರೇ ಅವ್ರು ಕಣೋ, ಎಂದು ಬಾಯಿ ಮುಚ್ಚಿಸಿದ್ದ. ಇವತ್ತು ಅದೇ ಭಾವ ಹಜಾರದ ಮೂಲೆಯಲ್ಲಿ ನಿಂತು, ಇತ್ತ ನೋಡದೆ, ಕಿಟಕಿಯ ಸರಳು ಎಣಿಸುತ್ತಿದ್ದ.

ಜನರ ನಡುವಿನಿಂದ ವಯಸ್ಸಾದ ಹೆಂಗಸೊಬ್ಬರು, ಹರಿದ ಕಡೆ ನಿಜಕ್ಕೂ ಏನಿರುತ್ತೆ ಎಂದು ಕೇಳಿದರು. ಪ್ರೊಫೆಸರ ದನಿ ಮೆತ್ತಗಾಯಿತು. ಅಪಾರ ದ್ರವ್ಯರಾಶಿ ಒಂದೇ ಬಿಂದುವಿಗೆ ಕುಗ್ಗಿದರೆ ನಮ್ಮ ಸಮೀಕರಣಗಳೂ ಹೀಗೇ ಹರಿಯುತ್ತವೆ. ಅಲ್ಲಿ 'ಎಲ್ಲಿ' ಎನ್ನುವುದಕ್ಕೂ 'ಯಾವಾಗ' ಎನ್ನುವುದಕ್ಕೂ ಅರ್ಥ ಉಳಿಯುವುದಿಲ್ಲ. ಅದನ್ನು ಸಿದ್ಧಾಂತದ ತಪ್ಪು ಅನ್ನಬಾರದು, ಮಿತಿ ಅನ್ನಬೇಕು ಎಂದರು. ಜನ ತಲೆದೂಗಿದರು.

"ಹಾಗಾದ್ರೆ ಈ ಹಾಳೆ ಮಿತಿ ಎಷ್ಟು?" ಎಂದರು ಆಕೆ.

ಪ್ರೊಫೆಸರಿಗೆ ಗೊತ್ತಿರಲಿಲ್ಲ. ಫಿಟ್ಟರ್ ಕಡೆ ತಿರುಗಿದರು. "ಎಷ್ಟಯ್ಯಾ ಅದು? ಹೇಳು ಇವ್ರಿಗೆ."

ಹದಿನೇಳು ಕಿಲೋ. ಬಳೆಯ ಒಳಮೈಗೆ ಅವನು ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದ. ಭಾವ ಕಿಟಕಿ ಬಿಟ್ಟು, ಹೇಳಿಬಿಡೋ ಎಂದು ಕಣ್ಣಲ್ಲೇ ಗೋಗರೆಯುತ್ತಿದ್ದ.

ಫಿಟ್ಟರ್ ಸೀಮೆಸುಣ್ಣದ ಆ ಅಂಕಿಯನ್ನು ಅಂಗೈಯಿಂದ ಒರೆಸಿ ಅಳಿಸಿದ. ಸ್ಪ್ಯಾನರನ್ನು ಬಳೆಯ ಮೇಲಿಟ್ಟು, ಒಡೆದ ಟೈಲ್ಸು ದಾಟಿ, ಬಾಗಿಲ ಕಡೆ ನಡೆದ.