ಬೆಲೆ ಇಳಿಸಲು ಬಂದ ಮಾವ

ಯಸೋಥಾನ್ ಹೆದ್ದಾರಿಯ ಪಕ್ಕದ ಹಳೇ ಗಾಡಿಗಳ ಅಂಗಡಿಯಲ್ಲಿ ಪಿಕುಲ್ ಹದಿನಾಲ್ಕು ವರ್ಷಗಳಿಂದ ಬೆಲೆ ಕಟ್ಟುವ ಕೆಲಸ ಮಾಡುತ್ತಿದ್ದಳು. ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿ, ಬಣ್ಣದಡಿ ಪುಟ್ಟಿ ಮೆತ್ತಿ ತಗ್ಗು ಮುಚ್ಚಿದ್ದಾರೋ ಇಲ್ಲವೋ ಹೇಳಿಬಿಡುತ್ತಿದ್ದಳು. ಸ್ವಂತಕ್ಕೆ ಮಾತ್ರ ಅವಳಿಗಿದ್ದದ್ದು ಒಂದು ಹಳೇ ಸ್ಕೂಟರು.

ಆ ಬೆಳಗ್ಗೆ ಬೆಳ್ಳಿ ಬಣ್ಣದ ಪಿಕಪ್ಪೊಂದು ಕುಂಟುತ್ತಾ ಬಂದು ನಿಂತಿತು. ಇಳಿದವನು ಅವಳ ಮಾವ ಥಾಂಗ್‌ಇನ್. ಮಗ ಬೇರೊಬ್ಬಳ ಹಿಂದೆ ರಯಾಂಗ್ ಊರಿಗೆ ಹೋಗಿ ಒಂಬತ್ತು ವರ್ಷವಾಗಿದ್ದರೂ ಮುದುಕ ಸೊಸೆಯನ್ನು ಬಿಟ್ಟುಕೊಟ್ಟಿರಲಿಲ್ಲ. ಗದ್ದೆಯ ಹೊಸ ಅಕ್ಕಿ ಮೊದಲು ಅವಳ ಮನೆಗೇ ಬರುತ್ತಿತ್ತು.

"ಎಡಮಂಡಿ ಕ್ಲಚ್ ಒತ್ತಲ್ಲ ಅಂತ ಮುಷ್ಕರ ಹೂಡಿದೆ ಕಣಮ್ಮ. ಗಾಡಿ ನೀನೇ ತಗೋ. ಎಂಬತ್ತು ಸಾವಿರ ಬಾತ್ ಕೊಡು, ಸಾಕು."

"ಎಂಬತ್ತಾ? ಮಾವ, ಬಿಸಿಲು ನೆತ್ತಿಗೇರಿದೆಯಾ?"

"ಗೇರ್‌ಬಾಕ್ಸು ಹುಲಿ ಥರ ಗುರ್ ಅನ್ನತ್ತೆ. ಇಂಜಿನ್ನು ಎಣ್ಣೆ ಕುಡಿಯತ್ತೆ. ಚಾಸಿಗೆ ತುಕ್ಕು."

ಪಿಕುಲ್ ಕೀಲಿ ಇಸಿದುಕೊಂಡಳು. ಸೇತುವೆಯವರೆಗೆ ಓಡಿಸಿ ಬಂದಳು. ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಬೀಳುತ್ತಿತ್ತು. ಕೆಳಗೆ ಚಾಪೆ ಹಾಸಿ ನುಸುಳಿ ನೋಡಿದಳು, ತುಕ್ಕಿನ ಸುಳಿವಿಲ್ಲ. ಮರಗೆಣಸು ಹೊತ್ತು ಹೊತ್ತು ಹಿಂದಿನ ತೊಟ್ಟಿ ಗೀಚಿಹೋಗಿತ್ತು, ಅಷ್ಟೇ. ಎದ್ದು ಲಂಗ ಕೊಡವಿಕೊಂಡಳು.

"ಇಲ್ಲಿಗೆ ಬರೋರೆಲ್ಲ ಬೆಲೆ ಏರಿಸೋಕೆ ಸುಳ್ಳು ಹೇಳ್ತಾರೆ. ಇಳಿಸೋಕೆ ಸುಳ್ಳು ಹೇಳಿದ ಪುಣ್ಯಾತ್ಮ ನೀವೊಬ್ಬರೇ."

ಮುದುಕ ಟೋಪಿ ಕೆಳಗೆಳೆದುಕೊಂಡ. "ಹದಿಮೂರು ವರ್ಷದ ಗಾಡಿಗೆ ಇನ್ನೇನು ಬೆಲೆ?"

"ಕೇಳಿ. ಹೊಸದಕ್ಕೆ ಆರು ಲಕ್ಷ ಕೊಟ್ಟಿದ್ರಿ. ಮೊದಲ ವರ್ಷವೇ ಒಂದು ಲಕ್ಷ ಗಾಳಿಗೆ ಹೋಯ್ತು. ಆಮೇಲೆ ವರ್ಷಾ ವರ್ಷಾ ಚೂರುಚೂರು. ಹತ್ತು ದಾಟಿದ ಮೇಲೆ ಇಂಥ ಗಾಡಿಗಳು ಹಠಮಾರಿ ಮುದುಕರ ಥರ ಕೂತುಬಿಡ್ತವೆ, ಇಳಿಯೋದೇ ಇಲ್ಲ. ಇದು ಎರಡು ಲಕ್ಷ ಹತ್ತು ಸಾವಿರ ಬಾಳತ್ತೆ."

"ಅಷ್ಟು ದುಡ್ಡು ನಿನ್ನ ಹತ್ರ ಎಲ್ಲಿದೆ? ನನ್ನ ಹುಡುಗ ನಿನ್ನನ್ನ ನಡುದಾರೀಲಿ ಬಿಟ್ಟ. ನಾನಾದ್ರೂ..." ಮುದುಕ ಗಾಡಿಯ ಬಾಗಿಲು ಸವರಿದ. "ಬಿಟ್ಟಿ ಕೊಟ್ಟರೆ ನೀನು ಮುಟ್ಟಲ್ಲ. ಅದಕ್ಕೇ ಗೇರ್‌ಬಾಕ್ಸಲ್ಲಿ ಹುಲಿ ಕೂರಿಸಿದೆ."

ಪಿಕುಲ್‌ಳ ಕಣ್ಣು ತುಂಬಿ ಬಂತು. ಅದನ್ನು ತೋರಗೊಡದೆ ಬಾನೆಟ್ ತೆರೆದು, ಆಗಲೇ ನೋಡಿದ್ದ ಎಣ್ಣೆಯನ್ನೇ ಮತ್ತೆ ನೋಡಿದಳು.

"ಮಂಡಿ ಆಪರೇಷನ್‌ಗೆ ನಿಮಗೆ ದುಡ್ಡು ಬೇಕು. ಎರಡು ಲಕ್ಷ."

"ಒಂದು."

"ಒಂದೂ ತೊಂಬತ್ತು."

"ಒಂದೂ ಐವತ್ತು. ಮೇಲೆ ಒಂದು ಬಾತ್ ಕೊಟ್ಟರೂ ಗಾಡಿ ಕೆರೆಗೆ ತಳ್ತೀನಿ!"

ಪಕ್ಕದ ಗಿರಾಕಿಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಕೊನೆಗೆ ಒಂದು ಲಕ್ಷ ಎಪ್ಪತ್ತಕ್ಕೆ ಇಬ್ಬರೂ ಒಲ್ಲದ ಮನಸ್ಸಿನಿಂದ ಒಪ್ಪಿದರು. ಆಸ್ಪತ್ರೆಗೂ ವಾರದ ಸಂತೆಗೂ ತಾನೇ ಕರೆದೊಯ್ಯುವೆನೆಂದು ಪಿಕುಲ್ ಷರತ್ತು ಹಾಕಿದಳು. ಅದಕ್ಕೆ ಮುದುಕ ಚೌಕಾಸಿ ಮಾಡಲಿಲ್ಲ.

ಮಧ್ಯಾಹ್ನ ಅವನನ್ನು ಮನೆಗೆ ಬಿಡಲು ಹೊರಟಳು. ಹದಿಮೂರು ವರ್ಷದಲ್ಲಿ ಒಮ್ಮೆಯೂ ಆ ಗಾಡಿಯ ಎಡಸೀಟಿನಲ್ಲಿ ಕೂತಿರದ ಥಾಂಗ್‌ಇನ್, ಕೈ ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡ.

"ಮೂರನೇ ಗೇರು ಹಾಕಮ್ಮ."

"ಹಾಕಿದೀನಿ ಮಾವ."

"ಹಾಂ. ಸದ್ದೇ ಬರಲಿಲ್ಲ."

"ಬರಲ್ಲ," ಎಂದು ಪಿಕುಲ್ ನಕ್ಕಳು. ಸುಟ್ಟ ಕೋಳಿ, ಅಂಟು ಅನ್ನದ ಅಂಗಡಿ ಕಂಡದ್ದೇ ಇಬ್ಬರಿಗೂ ಹಸಿವು ನೆನಪಾಗಿ ಗಾಡಿ ನಿಲ್ಲಿಸಿದರು.